ಸಮೀಕರಣ ವಿಚಾರ

ಈಚಿನ ಕನ್ನಡ ವಿಮರ್ಶೆಯಲ್ಲಿ ‘ಸಮೀಕರಿಸು’ ಎಂಬ ಮಾತಿನ ಬಳಕೆ ಬಹಳವಾಗಿದೆ. ಪಂಪನು ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದನು ಎನ್ನುವರು. ಕವಿಯು ಹೆಣ್ಣನ್ನು ಭೂಮಿಯೊಡನೆ ಸಮೀಕರಿಸುತ್ತಾನೆ ಎನ್ನುವರು. ಸಂಪತ್ತನ್ನು ನಾಗರಿಕತೆಯೊಡನೆ ಸಮೀಕರಿಸುವುದು ತಪ್ಪು ಎನ್ನುವರು. ಹೀಗೆ ಬರೆಯುವವರ ಮನಸ್ಸಿನಲ್ಲಿರುವುದು ಇಂಗ್ಲಿಷಿನ ‘ಈಕ್ವೇಟ್’ ಎಂಬ ಕ್ರಿಯಾಪದ. ಆ ಭಾಷೆಯಲ್ಲಿ ಇದರ ಪಕ್ಕದಲ್ಲಿಯೇ ‘ಈಕ್ವಲೈಸ್’ ಎಂಬ ಇನ್ನೊಂದು ಕ್ರಿಯಾಪದವಿದೆ. ಮೊದಲನೆಯದಕ್ಕೆ ಇಂದು ಬಳಕೆಯಲ್ಲಿರುವ ಮುಖ್ಯಾರ್ಥವು ಎರಡು ವಸ್ತುಗಳನ್ನು ಸಮವೆಂದು ಎಣಿಸುವುದು. ಎರಡನೆಯದರ ಅರ್ಥವು ಸಮವಲ್ಲದುದನ್ನು ಸಮವಾಗಿ ಮಾಡುವುದು. ಎಣಿಸುವುದು ಬುದ್ಧಿಯ ಕೆಲಸ. ಮಾಡುವುದು ಕೈಯ ಕೆಲಸ. ಈ ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತನ್ನು ಹಚ್ಚುವುದರಿಂದ, ಎಣಿಸಿದ ಮಾತ್ರಕ್ಕೆ ಮಾಡಿದಂತಾಯಿತು ಎಂಬ ಭ್ರಾಂತಿಗೆ ಎಡೆಯಾಗುತ್ತದೆ. ಇದನ್ನು ಬರಿಯ ಪದಗಳ ಜಗಳವೆಂದು ತಳ್ಳಿಹಾಕಲಾಗದು. ಕಾವ್ಯವನ್ನು ಬೆಲೆಕಟ್ಟುವ ಕ್ರಮಕ್ಕೂ ಲೋಕದ ನ್ಯಾಯಾನ್ಯಾಯಕ್ಕೂ ಇದು ಸಂಬಂಧಪಟ್ಟುದಾಗಿದೆ.

ಎರಡು ಮಾತುಗಳಿಗೆ ಅರ್ಥ ಒಂದೇ ಆದ ಮಾತ್ರಕ್ಕೆ ಅವುಗಳ ಬಳಕೆಯೂ ಒಂದೇ ಆಗುವುದಿಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಮಾರ್ಗದಲ್ಲಿ, ಹೆಗ್ಗಡದೇವನಕೋಟೆಯ ಮಗ್ಗುಲಲ್ಲಿ, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿದೆ. ದಾರಿಗಳು ಕವಲಾಗುವೆಡೆಯಲ್ಲಿ ಊರುಗಳ ದಿಕ್ಕನ್ನು ತೋರಿಸಲು ನೆಟ್ಟ ಕಂಬಕ್ಕೆ ಇಂಗ್ಲಿಷಿನಲ್ಲಿ ಆ ಹೆಸರು. ಕನ್ನಡದಲ್ಲಿ ಅದನ್ನೇ ಕೈಮರವೆನ್ನುವರು. ಚಿಕ್ಕಮಗಳೂರಿನ ಬಳಿ ಆ ಹೆಸರಿನ ಊರೇ ಇದೆ. ಎರಡು ಮಾತುಗಳ ಅರ್ಥವೂ ಒಂದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಣಸೂರಿನಲ್ಲಿ ಬಸ್ಸು ಹತ್ತಿ ‘ಕೈಮರಕ್ಕೊಂದು ಟಿಕೆಟ್ಟು ಕೊಡಿ’ ಎಂದವನನ್ನು ಕಂಡಕ್ಟರು ಕಣ್ಣರಳಿಸಿ ನೋಡುವನು. ನಿಘಂಟು ಎರಡು ಮಾತುಗಳನ್ನು ಒಂದರ ಮುಂದೊಂದನ್ನು ಇಟ್ಟು ತೋರಿಸುತ್ತದೆ. ಯಾವ ಮಾತು ಯಾವ ಊರಿಗೆ ಒಯ್ಯುವುದೆಂಬುದನ್ನು ಪ್ರಯೋಗವೇ ಹೇಳಬೇಕು. ‘ಈಕ್ವೇಟ್’ ಎಂಬುದರ ಮುಂದೆ ‘ಸಮೀಕರಿಸು’ ಎಂದು ಬರೆದಾಗಲೂ ಇದೇ ವಿಚಾರ ಏಳುತ್ತದೆ.

ಮೊದಲು ಶಬ್ದದ ರೂಪವನ್ನು ನೋಡಬೇಕು. ‘ಸಮ’ ಎಂಬುದರ ಮುಂದೆ ‘ಕರಣ’ವನ್ನು ನೇರವಾಗಿ ಇಟ್ಟರೆ ‘ಸಮಕರಣ’ವಾಗಬೇಕಾಗಿದ್ದಿತು. ನಡುವೆ ಈಕಾರವೊಂದು ಬಂದಿದೆ. ಪಾಣಿನಿಯ ಅಷ್ಟಾಧ್ಯಾಯಿಯ ೫ನೆಯ ಅಧ್ಯಾಯ, ೪ನೆಯ ಪಾದ, ೫೦ನೆಯ ಸೂತ್ರದಲ್ಲಿ ವಿಧಿಸಲಾದ ‘ಚ್ವಿ’ ಪ್ರತ್ಯಯದ ಫಲವಿದು. ಮೊದಲು ಹಾಗಿಲ್ಲದ ವಸ್ತುವು ಹಾಗೆ ಆಗುವುದು, ಅಥವಾ ಅದನ್ನು ಹಾಗೆ ಮಾಡುವುದು ಈ ಪ್ರತ್ಯಯದ ಅರ್ಥ. ವೈಯಾಕರಣರು ಇದನ್ನು ಅಭೂತತದ್ಭಾವವೆನ್ನುವರು. ವಿಶೇಷವೇನೆಂದರೆ, ಪ್ರತ್ಯಯದ ಒಂದು ಅಕ್ಷರವೂ ಉಳಿಯುವುದಿಲ್ಲ. ಹಿಂದಿನ ಪದದ ಅಕಾರವು ಈಕಾರವಾಗುವುದೊಂದೇ ಅದು ಬಂದುಹೋದುದರ ಗುರುತು. ಮಾಡಿದವನು ಮರೆಯಾಗಿ ಮಾಡಿದ ಕೆಲಸ ಮಾತ್ರ ಉಳಿದಂತೆ ಇದು. ಶುದ್ಧವಲ್ಲದುದನ್ನು ಶುದ್ಧಮಾಡುವುದು ಶುದ್ಧೀಕರಣ. ಹಳೆಯದನ್ನು ಹೊಸದಾಗಿಸುವುದು ನವೀಕರಣ. ತನ್ನದಲ್ಲದುದನ್ನು ತನ್ನದಾಗಿಸಿಕೊಳ್ಳುವುದು ಸ್ವೀಕಾರ. ಹಾಗೆಯೇ, ಸಮವಲ್ಲದುದನ್ನು ಸಮವಾಗಿ ಮಾಡುವುದು ಸಮೀಕರಣ. ಕನ್ನಡವು ಇದಕ್ಕೆ ತನ್ನ ‘ಇಸು’ ಪ್ರತ್ಯಯವನ್ನು ಸೇರಿಸಿ ‘ಸಮೀಕರಿಸು’ ಎಂಬ ಧಾತುವನ್ನು ಮಾಡಿಕೊಂಡಿತು. ಆದುದರಿಂದ ಈ ಮಾತಿನ ಒಡಲಿನಲ್ಲಿಯೇ ಎರಡು ಸಂಗತಿಗಳು ಅಡಗಿವೆ: ಮೊದಲು ಸಮತೆಯಿರಲಿಲ್ಲವೆಂಬ ಒಪ್ಪಿಗೆ ಒಂದು, ಆಮೇಲೆ ಯಾರೋ ಏನನ್ನೋ ಮಾಡಿದರೆಂಬ ಸಾಕ್ಷ್ಯ ಇನ್ನೊಂದು. ಇವೆರಡೂ ಇಲ್ಲದೆಡೆಯಲ್ಲಿ ಈ ಮಾತನ್ನು ಪ್ರಯೋಗಿಸಿದರೆ ಈಕಾರವು ವ್ಯರ್ಥವಾಗುತ್ತದೆ.

ಈ ಬಗೆಯ ಶಬ್ದಗಳಲ್ಲಿ ಮಾಡುವುದಕ್ಕೂ ಎಣಿಸುವುದಕ್ಕೂ ಇರುವ ಅಂತರವನ್ನು ಇನ್ನೊಂದು ಮಾತು ಚೆನ್ನಾಗಿ ತೋರಿಸುತ್ತದೆ. ವಿದ್ಯುದೀಕರಣವೆಂದರೆ ದೀಪವಿಲ್ಲದ ಊರಿಗೆ ವಿದ್ಯುತ್ತನ್ನು ತರುವುದೆಂದು ಯಾರೂ ತಿಳಿಯುವರು. ಆದರೆ ಭಾರತದಲ್ಲಿ ೨೦೦೪ರಲ್ಲಿ ಗೊತ್ತುಮಾಡಿದ ಲಕ್ಷಣದಂತೆ, ಊರಿಗೆ ತಂತಿ ಮತ್ತು ಪರಿವರ್ತಕ ಬಂದು, ಶಾಲೆ ಪಂಚಾಯತಿ ಮೊದಲಾದ ಸಾರ್ವಜನಿಕ ಸ್ಥಳಗಳಿಗೆ ವಿದ್ಯುತ್ತು ದೊರೆತು, ಮನೆಗಳಲ್ಲಿ ಶೇಕಡ ೧೦ಕ್ಕಾದರೂ ಅದು ಮುಟ್ಟಿದರೆ ಊರನ್ನು ವಿದ್ಯುದೀಕೃತವೆಂದು ಎಣಿಸಬಹುದಾಗಿದ್ದಿತು. ದೇಶದ ಹಳ್ಳಿಗಳೆಲ್ಲವೂ ವಿದ್ಯುದೀಕೃತವಾದುವೆಂದು ೨೦೧೮ರ ಏಪ್ರಿಲ್ ತಿಂಗಳಲ್ಲಿ ಸಾರಲಾಯಿತು. ಲೆಕ್ಕದಲ್ಲಿ ಅದು ಸುಳ್ಳಲ್ಲ. ಆದರೆ ಉಳಿದ ಮನೆಗಳ ಕತ್ತಲೆಯು ಆ ಒಂದು ಈಕಾರದ ಹಿಂದೆ ಅಡಗಿಕೊಳ್ಳಲು ಅವಕಾಶವಾಯಿತು. ಕೆಲಸದ ಹೆಸರನ್ನು ಎಣಿಕೆಗೆ ಕೊಟ್ಟಾಗ ಆಗುವ ಅಪಾಯ ಇದು.

ಇಂಗ್ಲಿಷ್ ಮಾತಿನ ಹುಟ್ಟನ್ನು ನೋಡಿದರೂ ಕಥೆ ಬೇರೆಯಾಗಿಲ್ಲ. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಮಟ್ಟವಾದುದು, ಏರುತಗ್ಗಿಲ್ಲದುದು, ನ್ಯಾಯವಾದುದು ಎಂಬ ಅರ್ಥಗಳುಂಟು. ಅದರಿಂದ ಹುಟ್ಟಿದ ಕ್ರಿಯಾಪದಕ್ಕೆ ಮಟ್ಟಮಾಡುವುದೆಂದೇ ಅರ್ಥ. ಶಾಲೆಯ ಮಕ್ಕಳು ಭೂಗೋಳದಲ್ಲಿ ಕಲಿಯುವ ‘ಈಕ್ವೇಟರ್’ ಎಂಬುದೂ ಹಗಲಿರುಳುಗಳನ್ನು ಸಮಮಾಡುವ ವೃತ್ತವೆಂಬ ಭಾವನೆಯಿಂದ ಬಂದ ಹೆಸರು. ಕನ್ನಡದ ಪಠ್ಯಗಳು ಅದನ್ನು ಸಮಭಾಜಕ ವೃತ್ತವೆನ್ನುತ್ತವೆ. ಕಾಲಕ್ರಮದಲ್ಲಿ ‘ಈಕ್ವೇಟ್’ ಎಂಬುದು ಮಾಡುವ ಅರ್ಥದಿಂದ ಎಣಿಸುವ ಅರ್ಥಕ್ಕೆ ಸರಿಯಿತು; ಮಾಡುವ ಕೆಲಸವನ್ನು ‘ಈಕ್ವಲೈಸ್’ ಎಂಬುದು ವಹಿಸಿಕೊಂಡಿತು. ಹೀಗೆ ಇಂಗ್ಲಿಷರು ತಮ್ಮ ಮನೆಯಲ್ಲಿ ಕೆಲಸವನ್ನು ಹಂಚಿಕೊಂಡರು. ಕನ್ನಡಿಗರು ಹಂಚಿಕೆಯನ್ನು ಗಮನಿಸದೆ ಎರಡು ಹೊರೆಗಳನ್ನೂ ಒಂದೇ ಎತ್ತಿನ ಮೇಲೆ ಹೇರಿದರು.

ಈ ಶಬ್ದವನ್ನು ಶಾಸ್ತ್ರೀಯವಾಗಿ ಬಳಸಿದವರು ನಮ್ಮ ಗಣಿತಜ್ಞರು. ಭಾಸ್ಕರಾಚಾರ್ಯನು ೧೧೫೦ರ ಸುಮಾರಿನಲ್ಲಿ ರಚಿಸಿದ ಬೀಜಗಣಿತದಲ್ಲಿ ಏಕವರ್ಣ ಸಮೀಕರಣ, ಅನೇಕವರ್ಣ ಸಮೀಕರಣ ಎಂಬ ಪ್ರಕರಣಗಳುಂಟು. ಎರಡು ಗೀಟುಗಳನ್ನು ಎಳೆದು ಸಮತೆಯನ್ನು ಸೂಚಿಸುವ ಚಿಹ್ನೆಯನ್ನು ಇಂಗ್ಲೆಂಡಿನ ರಾಬರ್ಟ್ ರೆಕಾರ್ಡನು ಮುದ್ರಿಸಿದುದು ೧೫೫೭ರಲ್ಲಿ. ಅದಕ್ಕೆ ೪೦೦ ವರ್ಷಗಳ ಹಿಂದೆಯೇ ಭಾಸ್ಕರನು ಎರಡು ಪಕ್ಷಗಳನ್ನು ಸಮವಾಗಿ ನಿಲ್ಲಿಸಿ ಅವ್ಯಕ್ತವನ್ನು ಹುಡುಕುವ ರೀತಿಯನ್ನು ವಿವರಿಸಿದ್ದನು. ಒಂದು ಸುಲಭವಾದ ಲೆಕ್ಕವನ್ನು ತೆಗೆದುಕೊಳ್ಳಬಹುದು. ಒಬ್ಬನಲ್ಲಿ ೩ ಹಸುಗಳೂ ೪೦ ವರಹಗಳೂ ಇವೆ. ಇನ್ನೊಬ್ಬನಲ್ಲಿ ೫ ಹಸುಗಳೂ ೧೦ ವರಹಗಳೂ ಇವೆ. ಹಸುಗಳ ಬೆಲೆ ಒಂದೇ, ಇಬ್ಬರ ಆಸ್ತಿಯೂ ಸಮ. ಎರಡು ಕಡೆಯಿಂದಲೂ ೩ ಹಸುಗಳನ್ನೂ ೧೦ ವರಹಗಳನ್ನೂ ಕಳೆದರೆ ೨ ಹಸುಗಳು ೩೦ ವರಹಕ್ಕೆ ಸಮವಾಗಿ, ಒಂದು ಹಸುವಿನ ಬೆಲೆ ೧೫ ವರಹವೆಂದು ತಿಳಿಯುತ್ತದೆ. ಇಲ್ಲಿ ಗಮನಿಸತಕ್ಕ ನಿಯಮಗಳು ಮೂರು. ಸಮತೆಯು ಯಾವುದರಲ್ಲಿ ಎಂಬುದನ್ನು, ಎಂದರೆ ಆಸ್ತಿಯ ಬೆಲೆಯಲ್ಲಿ ಎಂಬುದನ್ನು ಮೊದಲೇ ಹೇಳಿರಬೇಕು. ಒಂದು ಪಕ್ಷಕ್ಕೆ ಮಾಡಿದುದನ್ನು ಇನ್ನೊಂದು ಪಕ್ಷಕ್ಕೂ ಮಾಡಬೇಕು. ಕೊನೆಗೆ, ತಿಳಿಯದಿದ್ದ ಒಂದು ಬೆಲೆಯು ತಿಳಿಯಬೇಕು. ಸಮೀಕರಣದ ಪ್ರಯೋಜನವು ಸಮತೆಯಲ್ಲಿಲ್ಲ, ಅವ್ಯಕ್ತವು ವ್ಯಕ್ತವಾಗುವುದರಲ್ಲಿದೆ. ವಿಮರ್ಶೆಯು ಗಣಿತದಿಂದ ಮಾತನ್ನು ಸಾಲ ತರುವುದಾದರೆ ಈ ಮೂರು ನಿಯಮಗಳ ಬಡ್ಡಿಯನ್ನೂ ಕೊಡಬೇಕಾಗುತ್ತದೆ.

ಅಲಂಕಾರಶಾಸ್ತ್ರವು ಈ ವಿಷಯದಲ್ಲಿ ಇನ್ನೂ ಸೂಕ್ಷ್ಮವಾಗಿದೆ. ಎರಡು ವಸ್ತುಗಳು ಬೇರೆಬೇರೆಯಾಗಿದ್ದೂ ಅವುಗಳಲ್ಲಿ ಸಮಾನಧರ್ಮವಿದ್ದರೆ ಉಪಮೆ. ಭೇದವು ತಿಳಿದಿದ್ದೂ ಒಂದರ ಮೇಲೆ ಇನ್ನೊಂದನ್ನು ಆರೋಪಿಸಿದರೆ ರೂಪಕ. ಉಪಮಾನಕ್ಕಿಂತ ಉಪಮೇಯವು ಮಿಗಿಲೆಂದು ತೋರಿಸಿದರೆ ವ್ಯತಿರೇಕ. ಆ ವಸ್ತುವಿಗೆ ಅದೇ ಸಾಟಿಯಲ್ಲದೆ ಬೇರೆಯಿಲ್ಲವೆಂದರೆ ಅನನ್ವಯ. ಇವು ನಾಲ್ಕು ಬೇರೆಬೇರೆ ಮನೋವ್ಯಾಪಾರಗಳು. ಇವುಗಳನ್ನೆಲ್ಲ ಒಂದೇ ‘ಸಮೀಕರಣ’ದಲ್ಲಿ ಮುಳುಗಿಸಿದರೆ, ಅಕ್ಕಸಾಲಿಗನು ತನ್ನ ಸಣ್ಣ ತಕ್ಕಡಿಯನ್ನು ಬಿಸುಟು ಚಿನ್ನವನ್ನು ಸೌದೆಯ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ. ಅಲ್ಲದೆ, ಉಪಮೆಯಲ್ಲಿ ಉಪಮಾನವು ಗುಣದಲ್ಲಿ ಹೆಚ್ಚಿನದೆಂದು ಪ್ರಸಿದ್ಧವಾಗಿರಬೇಕು. ಮುಖವನ್ನು ಚಂದ್ರನಿಗೆ ಹೋಲಿಸುವರಲ್ಲದೆ ಚಂದ್ರನನ್ನು ಮುಖಕ್ಕೆ ಹೋಲಿಸುವುದು ಅಪರೂಪ, ಮತ್ತು ಹಾಗೆ ಹೋಲಿಸಿದರೆ ಅದಕ್ಕೆ ಪ್ರತೀಪವೆಂಬ ಬೇರೆ ಹೆಸರೇ ಉಂಟು. ಇದನ್ನು ಅದರೊಡನೆ ಸಮೀಕರಿಸಿದರು ಎಂಬ ವಾಕ್ಯದಲ್ಲಿ ಅಳತೆಗೋಲು ಯಾವುದು, ಅಳೆಯಲ್ಪಟ್ಟುದು ಯಾವುದು ಎಂಬುದು ಮರೆಯಾಗುತ್ತದೆ. ಸಮವೆಂಬ ಹೆಸರಿನಲ್ಲಿ ಮೇಲುಕೀಳು ಒಳಗೇ ಉಳಿದುಕೊಳ್ಳುತ್ತದೆ.

ಈಗ ಪಂಪನ ವಿಷಯಕ್ಕೆ ಬರಬಹುದು. ೯೪೧ರ ಸುಮಾರಿನಲ್ಲಿ ರಚಿತವಾದ ವಿಕ್ರಮಾರ್ಜುನವಿಜಯದಲ್ಲಿ ಕವಿಯು ವೇಮುಲವಾಡದ ಚಾಲುಕ್ಯವಂಶದ ಇಮ್ಮಡಿ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಭಾರತದ ಕಥೆಯನ್ನು ನಡೆಸಿದನು. ಇದನ್ನು ‘ಸಮೀಕರಣ’ವೆಂದು ಹೇಳಿ ಮುಂದೆ ಸಾಗುವುದು ಇಂದಿನ ಪದ್ಧತಿ. ಆದರೆ ಯಾವುದನ್ನು ಯಾವುದಕ್ಕೆ ಸಮಮಾಡಲಾಯಿತು? ಮೇಲ್ನೋಟಕ್ಕೆ ಅರಿಕೇಸರಿಯನ್ನು ಅರ್ಜುನನ ಎತ್ತರಕ್ಕೆ ಏರಿಸಿದಂತೆ ತೋರುತ್ತದೆ. ಕಾವ್ಯದೊಳಕ್ಕೆ ಹೋದರೆ ನಡೆದಿರುವುದು ಬಹುಮಟ್ಟಿಗೆ ಇದರ ತಿರುವು. ಅರಿಕೇಸರಿಯ ಬಿರುದುಗಳಾದ ಗುಣಾರ್ಣವ, ಉದಾತ್ತನಾರಾಯಣ, ಸಾಮಂತಚೂಡಾಮಣಿ ಮೊದಲಾದುವು ಅರ್ಜುನನ ಮೈಮೇಲೆ ಬಂದುವು. ಸಾಮಂತನೊಬ್ಬನ ಬಿರುದನ್ನು ಇಂದ್ರಪುತ್ರನು ಧರಿಸಬೇಕಾಯಿತು. ದ್ರೌಪದಿಯು ಐವರ ಪತ್ನಿಯಾಗದೆ ಅರ್ಜುನನೊಬ್ಬನಿಗೇ ಪತ್ನಿಯಾದಳು. ಯುದ್ಧಾನಂತರ ಪಟ್ಟವು ಧರ್ಮರಾಯನಿಗೆ ಸಲ್ಲದೆ ಅರ್ಜುನನಿಗೆ ಸಂದಿತು. ಅವನೊಡನೆ ಸಿಂಹಾಸನವೇರಿದವಳು ಸುಭದ್ರೆ. ಅರಿಕೇಸರಿಗೆ ಯದುವಂಶದವರೆಂದು ಹೇಳಿಕೊಂಡ ರಾಷ್ಟ್ರಕೂಟರ ಮನೆಯಿಂದ ಹೆಣ್ಣು ಬಂದಿದ್ದುದೇ ಯಾದವಕನ್ಯೆಯಾದ ಸುಭದ್ರೆಗೆ ಈ ಗೌರವ ಸಲ್ಲಲು ಕಾರಣವೆಂದು ವಿದ್ವಾಂಸರು ಊಹಿಸಿರುವರು. ಇವೆಲ್ಲದರಲ್ಲಿ ಬದಲಾದವನು ಅರಿಕೇಸರಿಯಲ್ಲ, ಅರ್ಜುನ. ಅಭೂತತದ್ಭಾವವು ಸಂಭವಿಸಿದುದು ವ್ಯಾಸರ ಪಾತ್ರದಲ್ಲಿ. ಆದುದರಿಂದ, ಶಬ್ದವನ್ನು ಅದರ ನಿಜಾರ್ಥದಲ್ಲಿ ಬಳಸುವುದಾದರೆ, ಪಂಪನು ಅರ್ಜುನನನ್ನು ಅರಿಕೇಸರಿಗೆ ಸಮೀಕರಿಸಿದನೆಂದು ಹೇಳಬೇಕಾಗುತ್ತದೆ. ವಾಕ್ಯವನ್ನು ಹೀಗೆ ತಿರುಗಿಸಿದೊಡನೆ, ಕವಿಯ ಸಾಹಸವೂ ಅವನ ಸಂಕಟವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

ಸಂಕಟವು ಯಾವುದೆಂದರೆ, ಒಂದು ಪಕ್ಷಕ್ಕೆ ಮಾಡಿದುದನ್ನು ಇನ್ನೊಂದಕ್ಕೂ ಮಾಡಬೇಕೆಂಬ ಗಣಿತದ ನಿಯಮವು ಕಥೆಯಲ್ಲಿ ನಡೆಯಲಿಲ್ಲ. ದ್ರೌಪದಿಯು ಅರ್ಜುನನೊಬ್ಬನ ಪತ್ನಿಯಾದ ಮೇಲೆ, ಸಭೆಯಲ್ಲಿ ಅವಳಿಗಾದ ಅವಮಾನಕ್ಕೆ ಪ್ರತೀಕಾರದ ಹೊಣೆ ಅವನದಾಗಬೇಕಾಗಿದ್ದಿತು. ಆದರೆ ದುಶ್ಶಾಸನನನ್ನು ಕೊಲ್ಲುವ ಪ್ರತಿಜ್ಞೆಯೂ ಅದರ ನಿರ್ವಾಹವೂ ಭೀಮನಲ್ಲಿಯೇ ಉಳಿದುವು. ಅವಳ ಮುಡಿಯನ್ನು ಕಟ್ಟಿದವನೂ ಭೀಮನೇ. ಪತಿಯು ಸುಮ್ಮನಿರಲು ಭಾವನಂತಿರುವವನು ಹೊಣೆ ಹೊರುವ ಈ ವೈಷಮ್ಯವನ್ನು ವಿಮರ್ಶಕರು ಬಹುಕಾಲದಿಂದ ಎತ್ತಿ ತೋರಿಸಿರುವರು. ತಕ್ಕಡಿಯ ಒಂದು ತಟ್ಟೆಯಿಂದ ನಾಲ್ವರು ಗಂಡಂದಿರನ್ನು ತೆಗೆದ ಕವಿಯು ಇನ್ನೊಂದು ತಟ್ಟೆಯಿಂದ ಅವರ ಋಣವನ್ನು ತೆಗೆಯಲಾರದೆ ಹೋದನು. ಆದರೂ ಅವನ ಭೀಮನು ಕಳೆಗುಂದಲಿಲ್ಲ. ಕರ್ಣನಂತೂ ಕಾವ್ಯದಲ್ಲಿ ನಾಯಕನನ್ನೂ ಮರೆಯಿಸುವಂತೆ ಬೆಳೆದನು. ರಾಜನಿಗೆ ಕೊಟ್ಟ ಮಾತು ಒಂದು, ಕವಿಯ ಹೃದಯ ಒಲಿದ ಎಡೆ ಇನ್ನೊಂದು. ಸಮೀಕರಣವು ಎಲ್ಲಿ ಮುರಿಯಿತೋ ಅಲ್ಲಿಯೇ ಪಂಪನ ಮಹತ್ತ್ವವೆಂಬ ಅವ್ಯಕ್ತವು ವ್ಯಕ್ತವಾಗುತ್ತದೆ. ‘ಪಂಪನು ಸಮೀಕರಿಸಿದನು’ ಎಂದು ಹೇಳಿ ನಿಲ್ಲಿಸಿದ ವಿಮರ್ಶಕನು ಲೆಕ್ಕದ ಮೊದಲ ಸಾಲನ್ನು ಬರೆದು ಉತ್ತರ ಬಂದಿತೆಂದು ಹಲಗೆಯನ್ನು ಕೆಳಗಿಟ್ಟ ಹುಡುಗನಂತೆ.

ರನ್ನನ ಗದಾಯುದ್ಧವು ಇದೇ ಪಾಠವನ್ನು ಬೇರೊಂದು ಬಗೆಯಲ್ಲಿ ಕಲಿಸುತ್ತದೆ. ಅವನ ಆಶ್ರಯದಾತನು ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗ. ಅವನಿಗೆ ಹೊಂದಿಸಲ್ಪಟ್ಟವನು ಭೀಮ. ಕಾವ್ಯಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಇದೆ. ಹೆಸರು, ಬಿರುದು, ಜಯ ಇವೆಲ್ಲವೂ ಭೀಮನಿಗೆ ಸಂದುವು. ಆದರೆ ರಣರಂಗದಲ್ಲಿ ಬಿದ್ದ ಗುರುವನ್ನು, ಗೆಳೆಯನನ್ನು, ತಮ್ಮನನ್ನು, ಶತ್ರುವಿನ ಮಗನಾದ ಅಭಿಮನ್ಯುವನ್ನೂ ಕಂಡು ಮರುಗುತ್ತ ನಡೆಯುವ ದುರ್ಯೋಧನನು ವಾಚಕರ ಹೃದಯವನ್ನು ಸೆಳೆದುಕೊಂಡನು. ಗದಾಯುದ್ಧದ ನಾಯಕನು ಯಾರೆಂಬ ಚರ್ಚೆಯು ಹುಟ್ಟಿದುದೇ ಇದರಿಂದ. ನಾಯಕನೆಂದು ಎಣಿಸುವುದು ಕವಿಯ ಮೊದಲ ಪದ್ಯಗಳಲ್ಲಿ ಸಾಧ್ಯ; ನಾಯಕನನ್ನಾಗಿ ಮಾಡುವುದಕ್ಕೆ ಕಾವ್ಯವೆಲ್ಲವೂ ಬೇಕು. ಹೊಸಗನ್ನಡದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಪ್ರಕಟಿಸಿದ ‘ಅಶ್ವತ್ಥಾಮನ್’ ಇದಕ್ಕೆ ಎದುರಾದ ಉದಾಹರಣೆ. ಗ್ರೀಕ್ ಕವಿ ಸೊಫೋಕ್ಲೀಸನ ಏಜಾಕ್ಸನ ಕಥೆಯನ್ನು ಅವರು ದ್ರೋಣಪುತ್ರನಲ್ಲಿ ನೆಲೆಗೊಳಿಸಿದರು. ಏಜಾಕ್ಸನೇ ಅಶ್ವತ್ಥಾಮನೆಂದು ಮುನ್ನುಡಿಯಲ್ಲಿ ಹೇಳಿ ಬಿಟ್ಟಿದ್ದರೆ ಅದು ಎಣಿಕೆಯಾಗುತ್ತಿದ್ದಿತು. ಅವರು ಎರಡು ಕಥೆಗಳನ್ನೂ ಕಡೆದು, ಎರಡು ನಾಡುಗಳ ವೀರಧರ್ಮವನ್ನು ಒಂದು ನಾಟಕದ ಮಾತುಗಳಲ್ಲಿ ಎದುರುಬದುರಾಗಿ ನಿಲ್ಲಿಸಿದರು. ಅದು ಹಿಡಿಸಲಿ, ಹಿಡಿಸದಿರಲಿ, ಅಲ್ಲಿ ಕೆಲಸ ನಡೆದಿದೆ. ಈಕಾರಕ್ಕೆ ಬೆಲೆ ಸಂದಿದೆ.

ಇಷ್ಟರಲ್ಲಿ ಒಂದು ಆಕ್ಷೇಪವು ಏಳದಿರದು. ಯೋಗಾರ್ಥಕ್ಕಿಂತ ರೂಢಿಯೇ ಬಲವಾದುದೆಂದು ಶಾಸ್ತ್ರಜ್ಞರೇ ಒಪ್ಪಿರುವರು; ಮೇಲಾಗಿ ಚ್ವಿ ಪ್ರತ್ಯಯವು ಎಣಿಸುವ ಅರ್ಥದಲ್ಲಿ ಸಂಸ್ಕೃತದಲ್ಲಿಯೇ ಬಂದಿದೆ. ‘ತೃಣೀಕರಿಸು’ ಎಂದರೆ ಶತ್ರುವನ್ನು ಹುಲ್ಲಾಗಿ ಮಾಡುವುದಲ್ಲ, ಹುಲ್ಲೆಂದು ಎಣಿಸುವುದು. ಹಾಗಿರಲು ‘ಸಮೀಕರಿಸು’ ಎಂಬುದಕ್ಕೆ ಮಾತ್ರ ಈ ನಿರ್ಬಂಧವೇಕೆ? ಆಕ್ಷೇಪವು ಯುಕ್ತವಾದುದೇ. ಆದರೆ ತೃಣೀಕರಣವನ್ನು ಕೇಳಿದವನು ಯಾರೂ ಶತ್ರುವು ಹುಲ್ಲಾದನೆಂದು ನಂಬುವುದಿಲ್ಲ; ಎಣಿಸಿದವನ ಗರ್ವವನ್ನೇ ಆ ಮಾತಿನಲ್ಲಿ ಕಾಣುವನು. ಅಲ್ಲಿ ಅರ್ಥಾಂತರವು ಬಯಲಿನಲ್ಲಿದೆ, ಯಾರಿಗೂ ಮೋಸವಿಲ್ಲ. ‘ಸಮೀಕರಿಸು’ ಎಂಬಲ್ಲಿ ಹಾಗಿಲ್ಲ. ಎಣಿಸಿದ ಸಮತೆ, ಮಾಡಿದ ಸಮತೆ ಎರಡೂ ಲೋಕದಲ್ಲಿ ಸಂಭವಿಸತಕ್ಕುವು. ಎರಡೂ ಹೊರನೋಟಕ್ಕೆ ಒಂದೇ ತೆರನಾಗಿರುವುವು. ಆದುದರಿಂದಲೇ ಇಲ್ಲಿ ಮಾತಿನ ಎಚ್ಚರ ಬೇಕಾಗಿದೆ. ರೂಢಿಗೆ ತಲೆಬಾಗುವುದು ಸರಿ. ರೂಢಿಯು ಅರ್ಥವನ್ನು ಕದಡಿದಾಗ ಅದನ್ನು ತಿಳಿಗೊಳಿಸುವುದೂ ವಿದ್ವಾಂಸರ ಕರ್ತವ್ಯವೇ.

ಕಾವ್ಯದಲ್ಲಿ ಈ ಕದಡಿನಿಂದ ರಸಕ್ಕೆ ಹಾನಿ. ಲೋಕವ್ಯವಹಾರದಲ್ಲಿ ಮನುಷ್ಯರಿಗೇ ಹಾನಿ. ಭಾರತದ ಸಂವಿಧಾನವು ೧೯೫೦ರ ಜನವರಿ ೨೬ರಂದು ಜಾರಿಗೆ ಬಂದಾಗ, ಅದರ ೧೪ನೆಯ ಅನುಚ್ಛೇದವು ಕಾನೂನಿನ ಮುಂದೆ ಎಲ್ಲರೂ ಸಮರೆಂದು ಸಾರಿತು. ಇದು ಎಣಿಕೆಯ ಸಮತೆ. ಇದಿಲ್ಲದೆ ಯಾವುದೂ ನಡೆಯದು. ಆದರೆ ೧೬ನೆಯ ಅನುಚ್ಛೇದದ ೪ನೆಯ ಖಂಡವೂ, ೧೯೫೧ರ ಮೊದಲನೆಯ ತಿದ್ದುಪಡಿಯಿಂದ ೧೫ನೆಯ ಅನುಚ್ಛೇದಕ್ಕೆ ಸೇರಿದ ೪ನೆಯ ಖಂಡವೂ ಹಿಂದುಳಿದವರಿಗಾಗಿ ವಿಶೇಷ ಏರ್ಪಾಡುಗಳಿಗೆ ಅವಕಾಶ ಕೊಟ್ಟುವು. ಇದು ಮಾಡುವ ಸಮತೆ. ಮೊದಲನೆಯದೇ ಸಾಕೆನ್ನುವವರು ಎರಡನೆಯದನ್ನು ಅನ್ಯಾಯವೆನ್ನುವರು. ಎರಡೂ ಒಂದೇ ಮಾತಿನೊಳಗೆ ಅಡಗಿರುವಾಗ ಈ ವಾದವು ಮುಗಿಯುವುದೇ ಇಲ್ಲ. ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಗಳ ಕೆಳಗೆ ಗದ್ದೆ ಮಾಡುವ ರೈತನಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೆಸರಿನ ಗದ್ದೆಯಲ್ಲಿ ನೀರು ಒಂದೇ ಸಮನಾಗಿ ನಿಲ್ಲಬೇಕಾದರೆ ಅವನು ಹಲಗೆ ಎಳೆದು, ಎತ್ತರದ ಮಣ್ಣನ್ನು ತಗ್ಗಿಗೆ ತರುವನು. ಗದ್ದೆ ಮಟ್ಟವಾಗಿದೆಯೆಂದು ಬದುವಿನ ಮೇಲೆ ನಿಂತು ಹೇಳಿದರೆ ನೀರು ಕೇಳುವುದಿಲ್ಲ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ೧೯೬೧ರ ಭೂಸುಧಾರಣಾ ಶಾಸನಕ್ಕೆ ಮಾಡಿದ ತಿದ್ದುಪಡಿಯು ೧೯೭೪ರ ಮಾರ್ಚ್ ೧ರಂದು ಜಾರಿಗೆ ಬಂದಿತು. ಗೇಣಿದಾರನು ಒಡೆಯನಿಗೆ ಸಮನೆಂದು ಆ ಶಾಸನವು ಉಪದೇಶಮಾಡಲಿಲ್ಲ. ಗೇಣಿಯಲ್ಲಿದ್ದ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿ, ಗೇಣಿದಾರನು ೭ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಭೂನ್ಯಾಯಮಂಡಳಿಯ ಮುಂದೆ ತನ್ನ ಸಾಗುವಳಿಯನ್ನು ಸ್ಥಾಪಿಸಿದರೆ ಹಕ್ಕನ್ನು ಅವನಿಗೆ ಕೊಡುವ ಮಾರ್ಗವನ್ನು ಏರ್ಪಡಿಸಿತು. ಎತ್ತರದ ಮಣ್ಣು ತಗ್ಗಿಗೆ ಬಂದಿತು. ಗೇಣಿಯ ಸಂಬಂಧವೇ ಇಲ್ಲದ ಕೂಲಿಯವನಿಗೆ ಆ ನಮೂನೆಯಿಂದ ಹೊಲ ದೊರೆಯಲಿಲ್ಲವೆಂಬುದೂ ನಿಜ. ಹಲಗೆಯು ಹೋದಷ್ಟು ದೂರ ಮಾತ್ರ ಗದ್ದೆ ಮಟ್ಟವಾಗುತ್ತದೆ. ಗುಣದೋಷಗಳೆರಡನ್ನೂ ಹೀಗೆ ತೂಗಿ ನೋಡಲು ಸಾಧ್ಯವಾಗುವುದು, ಸಮಮಾಡುವುದೆಂಬುದನ್ನು ಒಂದು ಕೆಲಸವೆಂದು ತಿಳಿದಾಗ ಮಾತ್ರ.

ಹ್ಯಾಂಡ್‌ಪೋಸ್ಟಿನಿಂದ ಕಾಡಿನ ಕಡೆಗೆ ಹೋದರೆ ಇನ್ನೊಂದು ನಿದರ್ಶನ ಸಿಗುತ್ತದೆ. ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ವಾಸಿಸುವರು. ಕುರಿಸಾಕಣೆಯ ಕುರುಬರಿಗೂ ಇವರಿಗೂ ಹೆಸರಿನ ಹೋಲಿಕೆಯುಂಟು; ಬಾಳಿನ ರೀತಿ ಬೇರೆ. ಹೆಸರು ಒಂದಾದುದರಿಂದ ಜನರೂ ಒಂದೇ ಎಂದರೆ ಅದು ತಪ್ಪು ಸಮೀಕರಣ. ಇದಕ್ಕೆ ತಿರುವಾಗಿ, ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಕಾಡು ಕುರುಬ’ ಎಂಬ ಹೆಸರಿದ್ದು ‘ಬೆಟ್ಟ ಕುರುಬ’ ಎಂಬ ಹೆಸರಿಲ್ಲದಿದ್ದುದರಿಂದ, ಒಂದೇ ಜನರು ಹೆಸರಿನ ಭೇದದಿಂದಾಗಿ ಪಟ್ಟಿಯ ಹೊರಗೆ ನಿಲ್ಲುವಂತಾಗಿದ್ದಿತು. ೨೦೨೨ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯು ಬೆಟ್ಟ ಕುರುಬ ಎಂಬುದನ್ನು ಕಾಡು ಕುರುಬ ಎಂಬುದರ ಪರ್ಯಾಯನಾಮವಾಗಿ ಸೇರಿಸಿತು. ಇದು ‘ಈಕ್ವೇಟ್’ ಎಂಬುದರ ಶುದ್ಧವಾದ ಉದಾಹರಣೆ: ಎರಡು ಹೆಸರು, ಒಂದೇ ವಸ್ತು, ಸಮವೆಂದು ಎಣಿಸಿದುದು ನ್ಯಾಯವೇ. ಬಿದಿರು ಹೆಣೆಯುವ ಒಂದು ಸಣ್ಣ ಜನಾಂಗಕ್ಕೆ ಇದರಿಂದ ಬಾಗಿಲು ತೆರೆಯಿತು. ಆದರೆ ಬಾಗಿಲು ತೆರೆದುದು ಮನೆಯೊಳಗೆ ಹೋಗಿ ಕುಳಿತುದಲ್ಲ. ಹಾಡಿಯ ಮಗುವು ಶಾಲೆಯಲ್ಲಿ ಉಳಿದು ಓದಿ, ಊರಿನ ಮಗುವಿನೊಡನೆ ಒಂದೇ ಹಲಗೆಯ ಮೇಲೆ ಕುಳಿತು, ಅದೇ ಪರೀಕ್ಷೆಯನ್ನು ದಾಟುವ ತನಕ ಎಣಿಕೆಯೇ ಆಗಿರುತ್ತದೆ. ಈಕಾರದ ಕೆಲಸ ಆಮೇಲಿನದು. ಇವೆರಡನ್ನೂ ‘ಸಮೀಕರಣವಾಯಿತು’ ಎಂಬ ಒಂದೇ ಮಾತಿನಿಂದ ಹೇಳಿದರೆ, ಮುಂದಿನ ಕೆಲಸವನ್ನು ಕೇಳುವವರೇ ಇಲ್ಲದಾಗುವರು.

ಹಾಗಾದರೆ ಬರೆಯುವವರು ಏನು ಮಾಡಬೇಕು? ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ಎರಡರ ಗುಣಗಳನ್ನು ಪಕ್ಕದಲ್ಲಿಟ್ಟು ನೋಡುವುದಕ್ಕೆ ‘ಹೋಲಿಸು’ ಎಂಬುದಿದೆ. ಒಂದು ಬರಹವನ್ನು ಇನ್ನೊಂದರೊಡನೆ ಸರಿಯಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ‘ತಾಳೆ ನೋಡು’ ಎಂಬುದಿದೆ. ಭೇದವನ್ನು ಮರೆತು ಒಂದೇ ಎಂದು ಭಾವಿಸುವುದಕ್ಕೆ ‘ಒಂದೆಂದು ಎಣಿಸು’, ‘ಅಭೇದವಾಗಿ ಕಾಣು’ ಎನ್ನಬಹುದು. ಯೋಗ್ಯತೆಯಲ್ಲಿ ಎದುರು ನಿಲ್ಲುವುದಕ್ಕೆ ‘ಸರಿಗಟ್ಟು’, ಕೊರತೆಯನ್ನು ತುಂಬಿ ತೂಕ ಸರಿಮಾಡುವುದಕ್ಕೆ ‘ಸರಿದೂಗಿಸು’, ಏರುತಗ್ಗುಗಳನ್ನು ನೀಗಿಸುವುದಕ್ಕೆ ‘ಮಟ್ಟಮಾಡು’, ‘ಸಮಗೊಳಿಸು’ ಎಂಬುವಿವೆ. ಸಂಪತ್ತನ್ನು ನಾಗರಿಕತೆಯೊಡನೆ ಸಮೀಕರಿಸುವುದು ತಪ್ಪು ಎಂಬುದಕ್ಕೆ ಬದಲಾಗಿ, ಸಂಪತ್ತೇ ನಾಗರಿಕತೆಯೆಂದು ಎಣಿಸುವುದು ತಪ್ಪು ಎಂದರೆ ಓದುವವನಿಗೆ ಹಿತ, ಬರೆಯುವವನಿಗೆ ಹೊಣೆ. ಎಣಿಸಿದವರು ಯಾರು ಎಂಬ ಪ್ರಶ್ನೆಗೆ ಆ ವಾಕ್ಯದಲ್ಲಿ ಎಡೆಯಿರುತ್ತದೆ.

‘ಸಮೀಕರಿಸು’ ಎಂಬ ಮಾತನ್ನು ಗಡೀಪಾರುಮಾಡಬೇಕೆಂದು ಇದರ ತಾತ್ಪರ್ಯವಲ್ಲ. ಬೀಜಗಣಿತದಲ್ಲಿ ಅದು ತನ್ನ ಮನೆಯಲ್ಲಿದೆ. ಕಾವ್ಯವಿಚಾರದಲ್ಲಿಯೂ, ಕವಿಯು ಒಂದನ್ನು ಇನ್ನೊಂದಕ್ಕೆ ಹೊಂದುವಂತೆ ನಿಜವಾಗಿ ಮಾರ್ಪಡಿಸಿರುವಾಗ ಅದನ್ನು ಬಳಸುವುದು ಯುಕ್ತ; ಹಾಗೆ ಬಳಸಿದವರು ಮಾರ್ಪಾಡು ಯಾವುದರಲ್ಲಿ ನಡೆಯಿತು, ಎಷ್ಟು ನಡೆಯಿತು, ಏನು ಉಳಿಯಿತು ಎಂಬುದನ್ನು ಹೇಳುವ ತನಕ ಲೇಖನಿಯನ್ನು ಕೆಳಗಿಡಬಾರದು. ಲೋಕವ್ಯವಹಾರದಲ್ಲಿ ಸಮತೆಯನ್ನು ಕುರಿತು ಬರೆಯುವವರಿಗೆ ಈ ನಿಯಮವು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಸಮವೆಂದು ಎಣಿಸಿದರೆ ಎಣಿಸಿದೆವೆಂದೇ ಹೇಳಬೇಕು. ಸಮಮಾಡಿದರೆ, ಮಣ್ಣು ಎಲ್ಲಿಂದ ಎಲ್ಲಿಗೆ ಬಂದಿತೆಂಬುದನ್ನು ತೋರಿಸಬೇಕು. ಪಾಣಿನಿಯ ಪ್ರತ್ಯಯವು ತಾನು ಮರೆಯಾಗುವ ಮೊದಲು ತನ್ನ ಕೆಲಸವನ್ನು ಮುಗಿಸಿರುತ್ತದೆ.